ಥಾಯ್ಲೆಂಡಿನ ಹೊಸ ವರ್ಷ: ಬೀದಿಯಲ್ಲೊಂದು, ಮನೆಯಲ್ಲೊಂದು

ನಮ್ಮ ಬೆಳೆಗಾರರ ಮನೆಗಳಲ್ಲಿ ವರ್ಷಕ್ಕೆ ಎಷ್ಟು ಸಲ ಹೊಸ ವರ್ಷ ಬರುತ್ತದೆಂದು ಲೆಕ್ಕ ಹಾಕಿದರೆ ನಗು ಬರುವಂತಿದೆ. ಗೋಡೆಯ ಕ್ಯಾಲೆಂಡರು ಬದಲಾಗುವುದು ಜನವರಿ 1ಕ್ಕೆ. ಸಂಘದ ಲೆಕ್ಕದ ಪುಸ್ತಕ ಬದಲಾಗುವುದು ಏಪ್ರಿಲ್ 1ಕ್ಕೆ. ಘಟ್ಟದ ಮೇಲಿನವರಿಗೆ ಚಾಂದ್ರಮಾನ ಯುಗಾದಿ, ತುಳುನಾಡಿನವರಿಗೆ ಪಗ್ಗು ತಿಂಗಳ ಮೊದಲ ದಿನದ ಬಿಸು, ಕೊಡಗಿನವರಿಗೆ ಎಡಮ್ಯಾರ್ 1. ಇಷ್ಟಿದ್ದರೂ ಯಾವ ಹೊಸ ವರ್ಷ ಯಾವ ಕೆಲಸಕ್ಕೆ ಎಂಬುದರಲ್ಲಿ ನಮಗೆ ಗೊಂದಲವಿಲ್ಲ.

ಇದೇ ರೀತಿ ಹಲವು ಹೊಸ ವರ್ಷಗಳನ್ನು ಇಟ್ಟುಕೊಂಡು ಬದುಕುತ್ತಿರುವ ಇನ್ನೊಂದು ದೇಶ ಥಾಯ್ಲೆಂಡ್. ಅದು ನಮಗೆ ತೀರಾ ಅಪರಿಚಿತವೂ ಅಲ್ಲ. ಅಲ್ಲಿಯ ಉತ್ತರದ ಗುಡ್ಡಗಳಲ್ಲಿ ಅರೇಬಿಕಾ, ದಕ್ಷಿಣದಲ್ಲಿ ರೋಬಸ್ಟಾ ಬೆಳೆಯುತ್ತಾರೆ. ಅಡಿಕೆಯೂ ಅಲ್ಲಿ ಹಳೆಯ ಬೆಳೆ. ಅಲ್ಲಿಗೆ ಪ್ರವಾಸ ಹೋಗುವ ವಿದೇಶೀಯರು ಹೊಸ ವರ್ಷ ಆಚರಿಸುವ ಬಗೆ ಒಂದು, ಮನೆಯವರಾದ ಥಾಯ್ ಜನ ಆಚರಿಸುವ ಬಗೆ ಇನ್ನೊಂದು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದು ನಮ್ಮ ಉದ್ದೇಶ.

ಸರ್ಕಾರ ಸರಿಸಿದ ವರ್ಷ

ಥಾಯ್ ಜನರು ಬುದ್ಧ ಶಕೆಯಲ್ಲಿ ವರ್ಷ ಎಣಿಸುತ್ತಾರೆ. ನಮ್ಮ ಇಸವಿಗೆ 543 ಕೂಡಿಸಿದರೆ ಅವರ ಇಸವಿ ಸಿಗುತ್ತದೆ. ಹಿಂದೆ ಅವರ ವರ್ಷಾರಂಭ ಚಾಂದ್ರಮಾನದ ಲೆಕ್ಕದಂತೆ ನಡೆಯುತ್ತಿತ್ತು. 1889ರಲ್ಲಿ ದೊರೆ ಚುಲಾಲಾಂಗ್‌ಕಾರ್ನ್ ಅದನ್ನು ಏಪ್ರಿಲ್ 1ಕ್ಕೆ ನಿಗದಿ ಮಾಡಿದ. ಅನಂತರ ಬಂದ ಫಿಬುನ್‌ಸೋಂಗ್‌ಕ್ರಾಮನ ಸರ್ಕಾರ 1941ರಿಂದ ಜನವರಿ 1ನ್ನೇ ಹೊಸ ವರ್ಷವೆಂದು ಸಾರಿತು. ಇದರಿಂದ ಬುದ್ಧ ಶಕೆ 2483ನೆಯ ವರ್ಷಕ್ಕೆ ಒಂಬತ್ತೇ ತಿಂಗಳು! ಏಪ್ರಿಲಿನಲ್ಲಿ ಹುಟ್ಟಿ ಡಿಸೆಂಬರಿಗೆ ಮುಗಿದುಹೋಯಿತು.

ಇದು ಪೂರ್ವದೇಶಗಳ ವಿಚಿತ್ರವೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿಯೂ ಕಾನೂನಿನ ವರ್ಷ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು. ಅದನ್ನು ಜನವರಿ 1ಕ್ಕೆ ತಂದದ್ದು 1752ರಲ್ಲಿ.

ಅದೇ ಫಿಬುನ್ ಸರ್ಕಾರದ ಇನ್ನೊಂದು ಆಜ್ಞೆ ಅಡಿಕೆ ಬೆಳೆಗಾರರಾದ ನಮ್ಮ ಕಿವಿ ನಿಮಿರಿಸುವಂಥದು. ದೇಶವನ್ನು ಆಧುನಿಕಗೊಳಿಸುವ ಹುಮ್ಮಸ್ಸಿನಲ್ಲಿ 1940ರ ದಶಕದ ಆರಂಭದಲ್ಲಿ ಆ ಸರ್ಕಾರ ಎಲೆಅಡಿಕೆ ಮೆಲ್ಲುವುದನ್ನೇ ನಿಷೇಧಿಸಿತು. ಅರಸನಿಂದ ಆಳಿನವರೆಗೆ ಎಲ್ಲರೂ ತಾಂಬೂಲ ಹಾಕುತ್ತಿದ್ದ ದೇಶವದು. ಆ ಅಭ್ಯಾಸ ಕ್ರಮೇಣ ಹಿರಿಯರ ಬಾಯಿಗಷ್ಟೇ ಉಳಿದು, ಈಗ ನಗರಗಳಲ್ಲಿ ಕಾಣುವುದೇ ಅಪರೂಪ. ಆದರೂ ಮದುವೆಗೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಮೆರವಣಿಗೆಯಲ್ಲಿ ಒಯ್ಯುವ ಮಂಗಳದ್ರವ್ಯಕ್ಕೆ ಇವತ್ತಿಗೂ ‘ಖನ್ ಮಾಕ್’ ಎಂದೇ ಹೆಸರು. ಖನ್ ಎಂದರೆ ಬಟ್ಟಲು, ಮಾಕ್ ಎಂದರೆ ಅಡಿಕೆ. ಬಾಯಿಂದ ಅಡಿಕೆಯನ್ನು ಬಿಡಿಸಿದ ಸರ್ಕಾರಕ್ಕೆ ಮದುವೆಯ ಚಪ್ಪರದಿಂದ ಬಿಡಿಸಲಾಗಲಿಲ್ಲ.

ಹೊಸ ವರ್ಷದ ವಿಷಯದಲ್ಲಿಯೂ ಆದದ್ದು ಅದೇ. ಜನವರಿ 1 ಕಚೇರಿಗೆ ಬಂತು, ಏಪ್ರಿಲಿನ ಹಬ್ಬ ಮನೆಯಲ್ಲಿ ಉಳಿಯಿತು. ಆ ಹಬ್ಬದ ಹೆಸರು ಸೋಂಗ್‌ಕ್ರಾನ್. ಅದು ಬೇರೇನೂ ಅಲ್ಲ, ನಮ್ಮ ಸಂಕ್ರಾಂತಿ ಶಬ್ದವೇ. ಸೂರ್ಯನು ಮೇಷರಾಶಿಗೆ ಬರುವ ಕಾಲ. ನಮ್ಮ ಬಿಸು, ಕೇರಳದ ವಿಷು, ತಮಿಳರ ಪುತ್ತಾಂಡು, ಅಸ್ಸಾಮಿನ ರೊಂಗಾಲಿ ಬಿಹು ಎಲ್ಲವೂ ಬರುವುದು ಆ ದಿನಗಳಲ್ಲೇ. ಬರ್ಮಾ, ಲಾವೋಸ್, ಕಾಂಬೋಡಿಯಾಗಳಿಗೂ ಆಗಲೇ ಹೊಸ ವರ್ಷ.

ಏಳು ಹೆಣ್ಣುಮಕ್ಕಳ ಕಥೆ

ಈ ಹಬ್ಬಕ್ಕೆ ಒಂದು ಕಥೆಯುಂಟು. ಧರ್ಮಪಾಲನೆಂಬ ಹುಡುಗ ಹಕ್ಕಿಗಳ ಭಾಷೆ ಬಲ್ಲವನು. ಅವನ ಕೀರ್ತಿ ಕೇಳಿ ಕಪಿಲ ಬ್ರಹ್ಮನು ಬಂದು ಒಂದು ಒಗಟು ಕೇಳಿದ: ಮನುಷ್ಯನ ತೇಜಸ್ಸು ಬೆಳಿಗ್ಗೆ ಎಲ್ಲಿರುತ್ತದೆ, ಮಧ್ಯಾಹ್ನ ಎಲ್ಲಿರುತ್ತದೆ, ಸಂಜೆ ಎಲ್ಲಿರುತ್ತದೆ? ಏಳು ದಿನದಲ್ಲಿ ಉತ್ತರ ಹೇಳದಿದ್ದರೆ ಹುಡುಗನ ತಲೆ ಹೋಗಬೇಕು, ಹೇಳಿದರೆ ಬ್ರಹ್ಮನ ತಲೆ.

ದಿಕ್ಕು ತೋಚದೆ ಹುಡುಗ ತಾಳೆಮರದಡಿ ಮಲಗಿದ್ದಾಗ ಮೇಲೆ ಹದ್ದಿನ ಜೋಡಿ ಮಾತಾಡಿಕೊಂಡಿತು. ಬೆಳಿಗ್ಗೆ ತೇಜಸ್ಸು ಮುಖದಲ್ಲಿ, ಅದಕ್ಕೇ ಜನ ಮುಖ ತೊಳೆಯುವುದು. ಮಧ್ಯಾಹ್ನ ಎದೆಯಲ್ಲಿ, ಅದಕ್ಕೇ ಎದೆಗೆ ಗಂಧ ಹಚ್ಚುವುದು. ಸಂಜೆ ಪಾದದಲ್ಲಿ, ಅದಕ್ಕೇ ಕಾಲು ತೊಳೆದು ಮಲಗುವುದು. ಹುಡುಗ ಗೆದ್ದ.

ಆದರೆ ಸೋತ ಬ್ರಹ್ಮನ ತಲೆ ನೆಲಕ್ಕೆ ಬಿದ್ದರೆ ಲೋಕ ಸುಡುತ್ತದೆ, ಆಕಾಶಕ್ಕೆ ಎಸೆದರೆ ಮಳೆ ನಿಲ್ಲುತ್ತದೆ, ಕಡಲಿಗೆ ಹಾಕಿದರೆ ಕಡಲು ಬತ್ತುತ್ತದೆ. ಆದ್ದರಿಂದ ಅವನ ಏಳು ಹೆಣ್ಣುಮಕ್ಕಳು ಆ ತಲೆಯನ್ನು ಕೈಲಾಸದ ಗುಹೆಯಲ್ಲಿಟ್ಟು ಕಾಯುತ್ತಾರೆ. ವರ್ಷಕ್ಕೊಬ್ಬಳಂತೆ ಅದನ್ನು ಹೊತ್ತು ಮೇರುಪರ್ವತಕ್ಕೆ ಪ್ರದಕ್ಷಿಣೆ ಬರುತ್ತಾರೆ. ಸಂಕ್ರಾಂತಿ ಯಾವ ವಾರ ಬಂತೋ ಆ ವಾರದ ಮಗಳ ಸರದಿ. ಏಪ್ರಿಲಿನ ಬಿಸಿಲಲ್ಲಿ ಆಕಾಶ ನೋಡುತ್ತ ಕೂತ ರೈತರು ಕಟ್ಟಿದ ಕಥೆ ಇದೆಂಬುದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯನ ತಲೆ ನೆಲಕ್ಕೆ ಬೀಳದಂತೆ ಮಕ್ಕಳು ಸರದಿಯಲ್ಲಿ ಹೊರುವುದೇ ಅದರ ತಿರುಳು.

ಮನೆಯೊಳಗಿನ ನೀರು

ಸೋಂಗ್‌ಕ್ರಾನ್‌ಗೆ ಏಪ್ರಿಲ್ 13ರಿಂದ 15ರವರೆಗೆ ಸರ್ಕಾರಿ ರಜೆ. 13ನ್ನು ಹಿರಿಯರ ದಿನವೆಂದೂ 14ನ್ನು ಕುಟುಂಬದ ದಿನವೆಂದೂ ಕರೆಯುತ್ತಾರೆ. ಬ್ಯಾಂಕಾಕ್‌ಗೆ ದುಡಿಯಲು ಹೋದವರೆಲ್ಲ ಬಸ್ಸು, ರೈಲು, ಬೈಕು ಹತ್ತಿ ಊರಿಗೆ ಹೊರಡುತ್ತಾರೆ. ಮೊದಲು ಮನೆಯ ಕಸ ಗುಡಿಸಿ ತೊಳೆಯುವುದು, ಬಳಿಕ ಬೌದ್ಧ ಗುಡಿಗೆ ಹೋಗಿ ಭಿಕ್ಷುಗಳಿಗೆ ಅನ್ನ ನೀಡುವುದು, ಬುದ್ಧನ ವಿಗ್ರಹಕ್ಕೆ ಮಲ್ಲಿಗೆ ಹಾಕಿದ ಪರಿಮಳದ ನೀರಿನಿಂದ ಅಭಿಷೇಕ ಮಾಡುವುದು.

ಗುಡಿಯ ಅಂಗಳಕ್ಕೆ ಮರಳು ಹೊತ್ತು ತಂದು ಸಣ್ಣ ಗೋಪುರಗಳನ್ನು ಕಟ್ಟುವ ಪದ್ಧತಿಯೂ ಇದೆ. ವರ್ಷವಿಡೀ ಗುಡಿಗೆ ಬಂದು ಹೋಗುವಾಗ ಕಾಲಿಗೆ ಅಂಟಿ ಹೊರಗೆ ಹೋದ ಮಣ್ಣನ್ನು ಹಿಂದಕ್ಕೆ ಕೊಡುವುದಂತೆ! ಮಳೆಗಾಲದಲ್ಲಿ ತೋಟದ ಮೇಲ್ಮಣ್ಣು ಕೊಚ್ಚಿ ಹೋಗುವುದನ್ನು ಕಂಡ ನಮಗೆ ಇದಕ್ಕಿಂತ ಒಳ್ಳೆಯ ಹರಕೆ ಕಾಣದು.

ಹಬ್ಬದ ಜೀವಾಳ ಮಾತ್ರ ಹಿರಿಯರಿಗೆ ನೀರೆರೆಯುವುದು. ಅಜ್ಜ ಅಜ್ಜಿ, ತಂದೆ ತಾಯಿ ಕುಳಿತಿರುತ್ತಾರೆ. ಮಕ್ಕಳು ಮೊಮ್ಮಕ್ಕಳು ಒಬ್ಬೊಬ್ಬರಾಗಿ ಬಂದು ಮೊಣಕಾಲೂರಿ ಅವರ ಅಂಗೈಗೆ ಪರಿಮಳದ ನೀರನ್ನು ಮೆಲ್ಲನೆ ಹನಿಸುತ್ತಾರೆ, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುತ್ತಾರೆ. ಹಿರಿಯರು ಹರಸುತ್ತಾರೆ. ಒಂದು ಸಣ್ಣ ಬಟ್ಟಲು ನೀರಿನಲ್ಲಿ ಮುಗಿಯುವ ಕೆಲಸ. ಬಿಸುವಿನ ಬೆಳಿಗ್ಗೆ ಕಣಿ ನೋಡಿ ಹಿರಿಯರ ಕಾಲಿಗೆರಗುವ ನಮ್ಮ ಮನೆಗಳಿಗೆ ಇದು ಹೊಸತಲ್ಲ.

ಬೀದಿಯ ನೀರು

ಪಾಶ್ಚಾತ್ಯ ವಿದೇಶೀಯರನ್ನು ಥಾಯ್ ಜನ ‘ಫರಾಂಗ್’ ಎನ್ನುತ್ತಾರೆ. ನಮ್ಮ ‘ಪರಂಗಿ’ಯೂ ಅದೇ ಶಬ್ದ. ನಾವು ಪಪ್ಪಾಯಿಯನ್ನು ಪರಂಗಿ ಹಣ್ಣು ಎಂದರೆ, ಅವರು ಪೇರಳೆಹಣ್ಣನ್ನು ಫರಾಂಗ್ ಎನ್ನುತ್ತಾರೆ. ಎರಡೂ ಹೊರಗಿನಿಂದ ಬಂದ ಗಿಡಗಳು.

ಫರಾಂಗ್ ಜನರಿಗೆ ಸೋಂಗ್‌ಕ್ರಾನ್ ಎಂದರೆ ನೀರಿನ ಕಾಳಗ. ಬ್ಯಾಂಕಾಕ್‌ನ ಖಾವೋ ಸಾನ್ ರಸ್ತೆ, ಸೀಲೋಮ್ ರಸ್ತೆ, ಚಿಯಾಂಗ್ ಮಾಯ್ ನಗರದ ಕಂದಕದ ಸುತ್ತ ಪ್ಲಾಸ್ಟಿಕ್ ಬಂದೂಕು, ಬಕೆಟ್ಟು, ಮಂಜುಗಡ್ಡೆ ನೀರು, ಮುಖಕ್ಕೆ ಬಿಳಿಮಣ್ಣು. ಥಾಯ್ ಯುವಕರೂ ಅಷ್ಟೇ ಖುಷಿಯಿಂದ ಇದರಲ್ಲಿ ಸೇರುತ್ತಾರೆ. ಬಿರುಬೇಸಿಗೆಯಲ್ಲಿ ನೀರಾಟ ಯಾರಿಗೆ ಬೇಡ? ವ್ಯತ್ಯಾಸವಿಷ್ಟೇ: ಥಾಯ್ ಹುಡುಗ ಅಜ್ಜಿಯ ಕೈಗೆ ನೀರು ಹನಿಸಿ ಬೀದಿಗೆ ಬಂದಿರುತ್ತಾನೆ, ಪ್ರವಾಸಿಗೆ ಬೀದಿಯೇ ಹಬ್ಬ.

ಡಿಸೆಂಬರ್ 31ರ ರಾತ್ರಿಯೂ ಹಾಗೆಯೇ. ತಮ್ಮ ಚಳಿ ಬಿಟ್ಟು ಬಂದ ಪ್ರವಾಸಿಗರಿಗೆ ಕಡಲತೀರ, ಚಾವೋ ಫ್ರಾಯ ನದಿಯ ದೋಣಿಗಳು, ನಡುರಾತ್ರಿಯ ಪಟಾಕಿ. ಅದೇ ಹೊತ್ತಿಗೆ ಅನೇಕ ಥಾಯ್ ಕುಟುಂಬಗಳು ಗುಡಿಗಳಲ್ಲಿ ಕುಳಿತು ಮಂತ್ರಪಠಣದಲ್ಲಿ ವರ್ಷ ದಾಟುತ್ತವೆ.

ಹಾಗೆಂದು ಫರಾಂಗ್ ಜನರಿಗೆ ಸಂಪ್ರದಾಯವಿಲ್ಲವೆನ್ನುವುದು ನ್ಯಾಯವಲ್ಲ. ಸ್ಕಾಟ್ಲೆಂಡಿನಲ್ಲಿ ನಡುರಾತ್ರಿಯ ನಂತರ ಹೊಸ್ತಿಲು ದಾಟುವ ಮೊದಲ ಅತಿಥಿ ಕಲ್ಲಿದ್ದಲ ತುಂಡು ತರುತ್ತಾನೆ, ವರ್ಷವಿಡೀ ಮನೆಯ ಒಲೆ ಬೆಚ್ಚಗಿರಲೆಂದು. ಸ್ಪೇನಿನವರು ಗಂಟೆಯ ಹನ್ನೆರಡು ಹೊಡೆತಕ್ಕೆ ಹನ್ನೆರಡು ದ್ರಾಕ್ಷಿ ತಿನ್ನುತ್ತಾರೆ. ಮನೆಯಲ್ಲಿ ಅವರೂ ಮನೆಯವರೇ. ಪರದೇಶದ ಹಬ್ಬದಲ್ಲಿ ಬೀದಿ ಮಾತ್ರ ಕಣ್ಣಿಗೆ ಬೀಳುವುದು ಸಹಜ, ಒಳಮನೆಗೆ ಕರೆಯುವವರು ಬೇಕು.

ತೆರುವ ಬೆಲೆ

2023ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ಸೋಂಗ್‌ಕ್ರಾನನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವವೇನೋ ಸರಿ, ಹಬ್ಬಕ್ಕೆ ಕಷ್ಟವೂ ಇದೆ. 2016ರ ಬರದಲ್ಲಿ ನೀರನ್ನು ಹಿತಮಿತವಾಗಿ ಬಳಸಿರೆಂದು ಸರ್ಕಾರವೇ ಕೇಳಿಕೊಳ್ಳಬೇಕಾಯಿತು. ಇನ್ನು ರಸ್ತೆ. ಜನವರಿ ಮತ್ತು ಏಪ್ರಿಲಿನ ಎರಡೂ ಹೊಸ ವರ್ಷಗಳ ವಾರಕ್ಕೆ ಅಲ್ಲಿ ‘ಏಳು ಅಪಾಯದ ದಿನಗಳು’ ಎಂದೇ ಹೆಸರು. ಕುಡಿತ, ವೇಗ, ಬೈಕು ಸೇರಿ ಆ ದಿನಗಳಲ್ಲಿ ನೂರಾರು ಜನ ಸಾಯುತ್ತಾರೆ. ಹಿರಿಯರ ಕೈಗೆ ನೀರು ಹನಿಸಲು ಹೊರಟವರು ದಾರಿಯಲ್ಲೇ ಉಳಿದುಬಿಡುತ್ತಾರೆ.

ನಮಗಿಷ್ಟು

ನಮ್ಮ ತೋಟದ ಮನೆಗಳಲ್ಲಿ ಈಗ ಹಲವೆಡೆ ವಯಸ್ಸಾದ ಇಬ್ಬರೇ ಉಳಿದಿದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಜನವರಿ 1ಕ್ಕೆ ಫೋನಿನಲ್ಲಿ ಶುಭಾಶಯ ಬರುತ್ತದೆ, ಬಿಸುವಿಗೆ ಕಣಿ ಇಡುವವರೂ ಅವರೇ, ನೋಡುವವರೂ ಅವರೇ. ಹೂಮಳೆಗೆ ಕಾಯುವ, ಅಡಿಕೆಗೆ ನೀರು ಬಿಡುವ ಆ ದಿನಗಳಲ್ಲಿ ಕೆಲಸಗಾರರೂ ಊರಿಗೆ ಹೊರಡುತ್ತಾರೆ. ಅಸ್ಸಾಮಿನಿಂದ ಬಂದವರಿಗೆ ಆಗ ಬಿಹು. ರಜೆ ಕೊಡಲು ನಮಗೆ ಗೊಣಗಾಟ. ಆದರೆ ಅವರ ಊರಿನಲ್ಲಿಯೂ ಯಾರೋ ಇಬ್ಬರು ಹಿರಿಯರು ದಾರಿ ನೋಡುತ್ತಿರುತ್ತಾರೆಂಬುದನ್ನು ಮರೆಯದಿರೋಣ. ನೀರಿನ ಸರದಿಯನ್ನು ಮುಂಚೆಯೇ ಗೊತ್ತುಮಾಡಿಕೊಂಡರೆ ನಾಲ್ಕು ದಿನ ತೂಗಿಸಬಹುದು.

ಸರ್ಕಾರಗಳು ವರ್ಷವನ್ನು ಎಲ್ಲಿಗೆ ಬೇಕಾದರೂ ಸರಿಸಬಲ್ಲವು. ಮಕ್ಕಳು ಮನೆಗೆ ಬಂದು ಹಿರಿಯರ ಕೈಗೆ ನೀರೆರೆಯುವವರೆಗೆ ಹಬ್ಬ ಅಲುಗುವುದಿಲ್ಲ, ಅದು ನಿಂತ ವರ್ಷ ಯಾವ ಪಟ್ಟಿಗೆ ಸೇರಿಸಿದರೂ ಉಳಿಯುವುದಿಲ್ಲ. ಬರುವ ಬಿಸುವಿಗೆ, ಯುಗಾದಿಗೆ ಸದಸ್ಯ ಬಾಂಧವರ ಮನೆಗಳಿಗೆ ಮಕ್ಕಳು ಸುಖವಾಗಿ ಬಂದು ಸೇರಲಿ, ಮಳೆಯೂ ಹೊತ್ತಿಗೆ ಬರಲಿ ಎಂದು ಹಾರೈಸುತ್ತೇವೆ.