ಸೆಪ್ಟೆಂಬರ್ ಬರಲಿ ಅಂತ ಕಾಯ್ತಾ ಕೂತಿದ್ದೆ

'ಈಗ ತಗೊಳ್ಬೇಡ ಮಾರಾಯ್ತಿ, ಹೊಸದು ಬರ್ತಾ ಉಂಟು.'

ಹೊಸ ಫೋನ್ ತಗೊಳ್ಬೇಕು ಅಂತ ಆಫೀಸಿನಲ್ಲಿ ಬಾಯಿಬಿಟ್ಟರೆ ಸಾಕು, ಯಾರಾದರೊಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ. ನನಗೆ ಹೇಳಿದ್ದು ಪಕ್ಕದ ಸೀಟಿನ ಮಂಗಳೂರು ಗೆಳತಿ. ಅದು 2025ರ ಜನವರಿ. ನನ್ನ ಫೋನಿಗೆ ಆಗ ನಾಲ್ಕು ವರ್ಷ ತುಂಬುತ್ತಿತ್ತು. ಬೆಳಿಗ್ಗೆ ಫುಲ್ ಚಾರ್ಜ್ ಮಾಡಿಕೊಂಡು ಪಿಜಿ ಬಿಟ್ಟರೆ ಮಧ್ಯಾಹ್ನ ಊಟದ ಹೊತ್ತಿಗೆ ಮೂವತ್ತು ಪರ್ಸೆಂಟ್. ಮೆಟ್ರೋ ಗೇಟಿನ ಮುಂದೆ ಕ್ಯೂಆರ್ ಟಿಕೆಟ್ ತೆಗೆಯುವಾಗಲೇ ಫೋನ್ ಆಫ್ ಆಗಿ, ಹಿಂದೆ ನಿಂತವರ ಕೈಲಿ ಅನ್ನಿಸಿಕೊಂಡದ್ದೂ ಇದೆ. ಬ್ಯಾಗಿನಲ್ಲಿ ಟಿಫಿನ್ ಡಬ್ಬಿ ಇಲ್ಲದಿದ್ದರೂ ಪವರ್ ಬ್ಯಾಂಕ್ ಇರಲೇಬೇಕಿತ್ತು.

ಆದರೂ ತಗೊಳ್ಳಲಿಲ್ಲ. ಕಾದೆ.

ಕಾಯುವುದಕ್ಕೆ ಕಾರಣಗಳು ಒಂದರ ಹಿಂದೆ ಒಂದು ಸಿಗುತ್ತಲೇ ಇದ್ದವು. ಜನವರಿ 22ಕ್ಕೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಬಂತು. ಬೆಲೆ ನೋಡಿ, 'ನಾಲ್ಕು ತಿಂಗಳಾದ್ರೆ ಇಳಿಯುತ್ತೆ' ಅಂದುಕೊಂಡೆ. ಫೆಬ್ರವರಿಯಲ್ಲಿ ಐಫೋನ್ 16ಇ ಬಂತು, 59,900 ರೂಪಾಯಿ. 'ಇಷ್ಟು ಕೊಡೋದಾದ್ರೆ ಇನ್ನೊಂದು ಹತ್ತು ಸಾವಿರ ಹಾಕಿ ಒಳ್ಳೇದೇ ತಗೋಬಹುದಲ್ಲ' ಅನ್ನಿಸಿತು. ಜುಲೈನಲ್ಲಿ ಆನ್‌ಲೈನ್ ಸೇಲ್ ಬಂದಾಗ ಒಂದನ್ನು ಕಾರ್ಟಿಗೆ ಹಾಕಿದೆ, ರಾತ್ರಿ ಹನ್ನೊಂದಕ್ಕೆ ತೆಗೆದೆ. ಯಾಕಂದ್ರೆ ಆಗಸ್ಟ್‌ನಲ್ಲಿ ಪಿಕ್ಸೆಲ್ 10 ಬರುವುದರಲ್ಲಿತ್ತು. ಅದಾದ ಮೇಲೆ ಸೆಪ್ಟೆಂಬರಿಗೆ ಐಫೋನ್ 17. ಅದರ ಬೆನ್ನಿಗೇ ದಸರಾ, ದೀಪಾವಳಿ ಸೇಲು.

ಪ್ರತಿ ಸಲವೂ ನಾನು ತುಂಬಾ ಬುದ್ಧಿವಂತಿಕೆಯಿಂದ ಖರ್ಚು ಮಾಡುತ್ತಿದ್ದೇನೆ ಅಂತಲೇ ಅಂದುಕೊಂಡಿದ್ದೆ. ಎಂಟು ತಿಂಗಳು ಹೀಗೇ ಕಳೆಯಿತು.

ನನ್ನ ಹಿಂದೆ ಇನ್ನೊಬ್ಬರು ಕಾಯ್ತಿದ್ದರು

ನಮ್ಮ ಮನೆಯಲ್ಲಿ ಫೋನ್ ಅನ್ನೋದು ಅಣ್ಣನ ಅಂಗಿ ತಮ್ಮನಿಗೆ ಬಂದ ಹಾಗೆ. ನಾನು ಹೊಸದು ತಗೊಂಡರೆ ನನ್ನ ಹಳೇದು ಅಮ್ಮನಿಗೆ. ನಿಮ್ಮಲ್ಲೂ ಬಹಳ ಜನರ ಮನೆಯಲ್ಲಿ ಹೀಗೇ ಇರಬಹುದು. ತಿಪಟೂರಿನಲ್ಲಿರುವ ಅಮ್ಮನ ಕೈಲಿ ಇದ್ದದ್ದು ನಾನು ಮೊದಲ ಕೆಲಸಕ್ಕೆ ಸೇರುವ ಮುಂಚೆ ಬಳಸುತ್ತಿದ್ದ ಫೋನ್. 32 ಜಿಬಿಯದ್ದು. ಅದರಲ್ಲಿ ಫೋನಿನ ಸಾಫ್ಟ್‌ವೇರೇ ದೊಡ್ಡ ಪಾಲು ನುಂಗಿದ ಮೇಲೆ ಉಳಿದ ಜಾಗವನ್ನೆಲ್ಲ ಗುಡ್ ಮಾರ್ನಿಂಗ್ ಚಿತ್ರಗಳು, ದೇವರ ವಿಡಿಯೋಗಳು, ನೆಂಟರ ಮದುವೆ ಫೋಟೋಗಳು ತುಂಬಿಕೊಂಡಿದ್ದವು.

ಮಾರ್ಚ್‌ನಿಂದಲೇ ಅಮ್ಮ ಹೇಳುತ್ತಿದ್ದಳು. 'ಏನೋ ಇಂಗ್ಲಿಷ್‌ನಲ್ಲಿ ಬರ್ತದೆ ಕಣೇ, ಫೋಟೋ ಓಪನ್ನೇ ಆಗಲ್ಲ.' ನಾನು ಪ್ರತಿ ಸಲ ಕೊಡುತ್ತಿದ್ದ ಉತ್ತರ ಒಂದೇ: 'ಇನ್ನೊಂಚೂರು ತಡಿಯಮ್ಮ, ಹೊಸದು ಬರ್ತಾ ಇದೆ. ನಾನು ತಗೊಂಡ ತಕ್ಷಣ ನಂದು ನಿಂಗೆ.' ಅವಳು 'ಆಯ್ತು ಬಿಡು, ನಂಗೇನ್ ಅರ್ಜೆಂಟು' ಅನ್ನುತ್ತಿದ್ದಳು.

ಗಣೇಶನ ಹಬ್ಬಕ್ಕೆ ಊರಿಗೆ ಹೋದೆ. ಆಗಸ್ಟ್ 27ಕ್ಕೆ ಹಬ್ಬ. ಐಫೋನ್ ಬಿಡುಗಡೆಗೆ ಇನ್ನು ಎರಡೇ ವಾರ. ಅಮ್ಮ ಕಡುಬಿಗೆ ಕಾಯಿ ತುರಿಯುತ್ತಾ, ಏನೋ ನೆನಪಾದವಳ ಹಾಗೆ, 'ಫೋನ್ ಈಗ ಸರಿಯಾಯ್ತು ಕಣೇ' ಅಂದಳು. ಪಕ್ಕದ ಮನೆ ಹುಡುಗ ಬಂದು ಕ್ಲೀನ್ ಮಾಡಿಕೊಟ್ಟನಂತೆ. ಅಮ್ಮ ಅವನಿಗೆ ಕಾಫಿ ಮಾಡಿ ತರುವಷ್ಟರಲ್ಲಿ ಕೆಲಸ ಮುಗಿದಿತ್ತಂತೆ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ಯಾವ ಚಾಟ್ ಎಷ್ಟು ಜಾಗ ತಿಂದಿದೆ ಅಂತ ದೊಡ್ಡದರಿಂದ ಸಣ್ಣದಕ್ಕೆ ಪಟ್ಟಿ ಬರುತ್ತದಲ್ಲ, ಅದನ್ನು ತೆಗೆದು, ಮೇಲಿನ ನಾಲ್ಕೈದನ್ನು ಪೂರ್ತಿ ಖಾಲಿ ಮಾಡಿದ್ದ.

ಆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಅಪ್ಪ.

ಅಪ್ಪ ತೀರಿಕೊಂಡು ಆಗ ಎರಡು ವರ್ಷ ಆಗಿತ್ತು. ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಟೈಪ್ ಮಾಡುವುದು ಅವರಿಗೆ ಆಗದ ಮಾತು. ಎಲ್ಲವೂ ವಾಯ್ಸ್ ಮೆಸೇಜೇ. ಕೊತ್ತಂಬರಿ ಸೊಪ್ಪು ತರಲಾ, ಗ್ಯಾಸ್ ಬಂತಾ, ಇವತ್ತು ಲೇಟಾಗುತ್ತೆ, ನೀನು ಊಟ ಮಾಡಿಬಿಡು. ಅಷ್ಟೇ. ಆ ವರ್ಷಗಳ ಆ ಮಾತೆಲ್ಲ ಹೋಗಿತ್ತು. ಬ್ಯಾಕಪ್ ಅನ್ನೋದನ್ನು ನಾನು ಅಮ್ಮನ ಫೋನಿಗೆ ಯಾವತ್ತೂ ಹಾಕಿಕೊಟ್ಟೇ ಇರಲಿಲ್ಲ. ಎಲ್ಲ ಹೊಸ ಫೋನ್ ಬಂದಾಗ ಒಟ್ಟಿಗೇ ಮಾಡಿದರಾಯ್ತು ಅಂದುಕೊಂಡಿದ್ದೆ.

'ಆ ಹುಡ್ಗ ಪಾಪ ಒಳ್ಳೇದಕ್ಕೇ ಮಾಡ್ದ. ಅವನಿಗೇನೂ ಹೇಳ್ಬೇಡ' ಅಂದಳು ಅಮ್ಮ. ಆಮೇಲೆ ತುರಿಮಣೆ ಕಡೆ ನೋಡಿಕೊಂಡೇ, 'ಮಧ್ಯಾಹ್ನ ಒಬ್ಳೇ ಇರುವಾಗ ಒಂದೊಂದ್ಸಲ ಹಾಕ್ಕೊಂಡು ಕೇಳ್ತಿದ್ದೆ' ಅಂದಳು. ಅದು ನನಗೆ ಗೊತ್ತೇ ಇರಲಿಲ್ಲ.

ಹಳೇ ಫೋನಿನಲ್ಲಿ ಉಳಿದದ್ದು

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಆಗ ಹೊಳೆದದ್ದು ನಮ್ಮ ಫ್ಯಾಮಿಲಿ ಗ್ರೂಪು. ಗ್ರೂಪಿಗೆ ಬಂದ ಮೆಸೇಜನ್ನು ಒಬ್ಬರು ತಮ್ಮ ಫೋನಿನಲ್ಲಿ ಅಳಿಸಿದರೆ ಉಳಿದವರ ಫೋನಿನಲ್ಲಿ ಅದು ಹಾಗೇ ಇರುತ್ತದೆ. ನನ್ನ ಫೋನನ್ನು ಚಾರ್ಜರಿಗೆ ಸಿಕ್ಕಿಸಿಕೊಂಡೇ ವರ್ಷಗಟ್ಟಲೆ ಹಿಂದಕ್ಕೆ ಹೋದೆ. ಅಪ್ಪ ಗ್ರೂಪಿಗೆ ಹಾಕಿದ್ದ ಹತ್ತೊಂಬತ್ತು ವಾಯ್ಸ್ ಮೆಸೇಜ್ ಸಿಕ್ಕವು. ಒಂದರಲ್ಲಿ ನನ್ನ ಹುಟ್ಟುಹಬ್ಬಕ್ಕೆ ವಿಶ್ ಮಾಡಿದ್ದಾರೆ. ಇನ್ನೊಂದರಲ್ಲಿ ಚಿಕ್ಕಪ್ಪನಿಗೆ ಬಸ್ಸಿನ ಟೈಮ್ ಹೇಳಿದ್ದಾರೆ. ಕೊತ್ತಂಬರಿ ಸೊಪ್ಪಿನದು ಇಲ್ಲ. ಅದು ಅಮ್ಮನಿಗೆ ಮಾತ್ರ ಕಳಿಸಿದ್ದು.

ಇನ್ನೊಂದು ವಿಷಯ ಯೋಚಿಸಿ. ನಾನು ಅದೇ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟರೆ ಎಷ್ಟು ಬರುತ್ತೆ ಅಂತ ಎರಡು ಆ್ಯಪ್‌ನಲ್ಲಿ ನೋಡಿಟ್ಟಿದ್ದೆ. ಅದಕ್ಕೆ ಅವರು ಕೊಡುತ್ತಿದ್ದದ್ದು ಆರು ಸಾವಿರದ ಹತ್ತಿರ. ಆಸೆಗೆ ಬಿದ್ದು ಜುಲೈನಲ್ಲೇ ಕೊಟ್ಟುಬಿಟ್ಟಿದ್ದರೆ ಆ ಹತ್ತೊಂಬತ್ತೂ ಇರುತ್ತಿರಲಿಲ್ಲ.

ಹಾಗಂತ, 'ಕಾದದ್ದೇ ಒಳ್ಳೇದಾಯ್ತು' ಅಂತ ಅಮ್ಮನ ಮುಂದೆ ಹೇಳುವ ಧೈರ್ಯ ನನಗಾಗಲಿಲ್ಲ. ಹಬ್ಬದ ಮಾರನೇ ದಿನ ಅಮ್ಮನನ್ನು ಕರೆದುಕೊಂಡು ಬಿ.ಎಚ್. ರಸ್ತೆಯ ಅಂಗಡಿಗೆ ಹೋದೆ. ಹದಿನಾಲ್ಕು ಸಾವಿರದ ಒಳಗೆ 128 ಜಿಬಿಯ ಹೊಸ ಫೋನ್ ಬಂತು. ಬೆಂಗಳೂರಿಗೆ ವಾಪಸ್ ಬಂದ ವಾರವೇ ನನ್ನ ಫೋನನ್ನು ಅಧಿಕೃತ ಸರ್ವಿಸ್ ಸೆಂಟರಿಗೆ ಕೊಟ್ಟು ಬ್ಯಾಟರಿ ಬದಲಾಯಿಸಿದೆ. ಎರಡು ಸಾವಿರ ಚಿಲ್ಲರೆ ಆಯಿತು, ಒಂದು ಸಂಜೆಯ ಕೆಲಸ. ಈಗ ರಾತ್ರಿ ಮಲಗುವಾಗ ಮೂವತ್ತು ಪರ್ಸೆಂಟ್ ಉಳಿದಿರುತ್ತದೆ.

ಅಂದರೆ ಎಂಟು ತಿಂಗಳು ನಾನು ಹೊಸ ಫೋನಿಗೆ ಕಾದದ್ದು, ಹದಿನಾರು ಸಾವಿರದಲ್ಲಿ ಮುಗಿಯಬಹುದಾಗಿದ್ದ ಎರಡು ಕೆಲಸಕ್ಕೆ.

ಕಾದರೆ ಲಾಭವೇ ಇಲ್ಲವಾ?

ಇದೆ. ಸೆಪ್ಟೆಂಬರ್ 9ರ ರಾತ್ರಿ ಹತ್ತೂವರೆಗೆ ಆ್ಯಪಲ್ ಕಾರ್ಯಕ್ರಮವನ್ನು ನಾನೂ ನೋಡಿದೆ, ಅದೇ ಹಳೇ ಫೋನಿನಲ್ಲಿ. ಐಫೋನ್ 14, 15, 16 ಮೂರೂ ಬಂದಾಗ ಆರಂಭದ ಬೆಲೆ 79,900 ರೂಪಾಯಿ, ಸಿಗುತ್ತಿದ್ದದ್ದು 128 ಜಿಬಿ. ಐಫೋನ್ 17ಕ್ಕೆ 82,900 ಆಯಿತು, ಆದರೆ 256 ಜಿಬಿ. ಸ್ಕ್ರೀನ್ ಕೂಡ 60ರಿಂದ 120 ಹರ್ಟ್ಸ್‌ಗೆ ಏರಿತು. ಅದೇ ಸಮಯಕ್ಕೆ ಐಫೋನ್ 16ರ ಬೆಲೆ 69,900ಕ್ಕೆ ಇಳಿಯಿತು. 2024ರಲ್ಲಿ 16 ಬಂದಾಗ 15ಕ್ಕೂ ಹೀಗೇ ಹತ್ತು ಸಾವಿರ ಇಳಿದಿತ್ತು. ಹಾಗಾಗಿ ಆಗಸ್ಟ್‌ನಲ್ಲಿ ಕೈಲಿರುವ ಫೋನ್ ಚೆನ್ನಾಗಿ ನಡೆಯುತ್ತಿದ್ದು, ನಿಮಗೆ ಐಫೋನೇ ಬೇಕು ಅಂತಿದ್ದರೆ, ಒಂದು ತಿಂಗಳು ತಡೆಯುವುದೇ ಸರಿ. ಹೊಸದು ಬೇಡದಿದ್ದರೂ ಹಳೇ ಮಾಡೆಲ್ ಕಡಿಮೆಗೆ ಸಿಗುತ್ತದೆ.

ಆದರೆ ಕಾಯುವವರ ಎಲ್ಲ ಲೆಕ್ಕವೂ ಸರಿ ಬರುವುದಿಲ್ಲ. 'ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿಯುತ್ತೆ, ಫೋನೂ ಅಗ್ಗ ಆಗುತ್ತೆ' ಅಂತ ನಮ್ಮ ಆಫೀಸಿನಲ್ಲಿ ಇಬ್ಬರು ಕಾದರು. ದೊಡ್ಡ ಟಿವಿ, ಎಸಿ, ಸಣ್ಣ ಕಾರುಗಳ ತೆರಿಗೆ 28ರಿಂದ 18ಕ್ಕೆ ಇಳಿಯಿತು. ಮೊಬೈಲ್‌ಗೆ 2020ರಿಂದಲೂ 18 ಪರ್ಸೆಂಟೇ ಇತ್ತು, ಅಲ್ಲೇ ಉಳಿಯಿತು. 'ದೇವನಹಳ್ಳಿ ಹತ್ತಿರಾನೇ ಐಫೋನ್ ಜೋಡಿಸ್ತಾರೆ, ಇನ್ಮೇಲೆ ರೇಟ್ ಇಳಿಯುತ್ತೆ' ಅಂದವರಿಗೆ ಸಿಕ್ಕಿದ್ದು ಮೂರು ಸಾವಿರ ಹೆಚ್ಚಿನ ಬೆಲೆ.

ನಾನು ಈಗ ಕೇಳಿಕೊಳ್ಳುವ ಪ್ರಶ್ನೆಗಳು

ಮೊದಲೆಲ್ಲ ನನ್ನ ಪ್ರಶ್ನೆ 'ಬರೋ ಫೋನಿನಲ್ಲಿ ಏನಿದೆ?' ಅನ್ನೋದಾಗಿತ್ತು. ಈಗ ಕೈಲಿರುವ ಫೋನಿನಿಂದ ಶುರು ಮಾಡುತ್ತೇನೆ.

ಒಂದು, ಇದರಲ್ಲಿ ಕೆಟ್ಟಿರೋದು ಏನು? ಬ್ಯಾಟರಿ ಮಾತ್ರ ಅಂತಾದರೆ ಅದು ಫೋನಿನ ಆಯಸ್ಸು ಮುಗಿದ ಲಕ್ಷಣ ಅಲ್ಲ. ಲಿಥಿಯಂ ಬ್ಯಾಟರಿ ಸವೆಯುವುದು ಸಹಜ. ಆ್ಯಪಲ್ ಕೂಡ ಐಫೋನ್ 14ರವರೆಗಿನ ಫೋನುಗಳ ಬ್ಯಾಟರಿ 500 ಸಲ ಪೂರ್ತಿ ಚಾರ್ಜ್ ಆಗಿ ಖಾಲಿಯಾದ ಮೇಲೆ 80 ಪರ್ಸೆಂಟ್ ಶಕ್ತಿ ಉಳಿಸಿಕೊಳ್ಳುವ ಹಾಗೆ ಮಾಡಿದ್ದು ಅಂತಲೇ ಹೇಳುತ್ತದೆ. 15ರಿಂದ ಅದು 1,000 ಸಲ. ದಿನಾ ಚಾರ್ಜ್ ಮಾಡುವವರಿಗೆ 500 ಅಂದರೆ ಒಂದೂವರೆ, ಎರಡು ವರ್ಷ. ಬ್ಯಾಟರಿ ಬದಲಾಯಿಸಿ ನೋಡಿ, ಅರ್ಧ ಆಸೆ ಅಲ್ಲೇ ಇಳಿಯುತ್ತೆ.

ಎರಡು, ಸೆಕ್ಯುರಿಟಿ ಅಪ್‌ಡೇಟ್ ಬರ್ತಿದೆಯಾ? ಬ್ಯಾಂಕು, ಯುಪಿಐ, ಆಫೀಸಿನ ಮೇಲ್ ಎಲ್ಲ ಅದರಲ್ಲೇ ಇದೆ. ಅಪ್‌ಡೇಟ್ ನಿಂತು ಬಹಳ ದಿನ ಆಗಿದ್ದರೆ ಯಾವ ಬಿಡುಗಡೆಗೂ ಕಾಯಬೇಡಿ. ಹೊಸದು ತಗೊಳ್ಳುವಾಗಲೂ ಕ್ಯಾಮೆರಾಕ್ಕಿಂತ ಮೊದಲು ಇದನ್ನು ಕೇಳಿ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಿಂದ ಆ ಸಾಲಿನ ಫೋನುಗಳಿಗೆ ಏಳು ವರ್ಷ ಅಪ್‌ಡೇಟ್ ಕೊಡುವುದಾಗಿ ಕಂಪನಿಗಳು ಹೇಳಿವೆ. ಅಂಥ ಫೋನಾದರೆ ಒಂದು ವರ್ಷ ಹಳೇ ಮಾಡೆಲ್ ತಗೊಂಡರೂ ನಷ್ಟವಿಲ್ಲ.

ಮೂರು, ಕಾಯೋದಕ್ಕೆ ಒಂದು ತಾರೀಕು ಇದೆಯಾ? ನಾಲ್ಕೈದು ವಾರದೊಳಗೆ ಬರುತ್ತೆ ಅಂತ ಗೊತ್ತಿದ್ದರೆ ಕಾಯಬಹುದು. 'ಮುಂದಿನ ವರ್ಷ ಇನ್ನೂ ಚೆನ್ನಾಗಿರೋದು ಬರುತ್ತಂತೆ' ಅಂದರೆ ಬರುತ್ತೆ, ಅದರ ಮುಂದಿನ ವರ್ಷವೂ ಬರುತ್ತೆ. ಜನವರಿ, ಫೆಬ್ರವರಿಯಲ್ಲಿ ಒಂದು ಕಂಪನಿ, ಆಗಸ್ಟ್‌ನಲ್ಲಿ ಒಂದು, ಸೆಪ್ಟೆಂಬರ್‌ನಲ್ಲಿ ಒಂದು. ಕಾಯುವವರಿಗೆ ವರ್ಷವಿಡೀ ಕೆಲಸ ಇದೆ.

ನಾಲ್ಕು, ನನ್ನ ಹಿಂದೆ ಯಾರು ಕಾಯ್ತಿದ್ದಾರೆ? ನಿಮ್ಮ ಹಳೇ ಫೋನಿಗೆ ಅಂತ ಅಮ್ಮನೋ, ಮಾವನೋ, ಕಾಲೇಜಿಗೆ ಹೋಗುವ ತಂಗಿಯೋ ಕಾಯ್ತಿದ್ದರೆ, ಅವರ ಫೋನನ್ನು ಒಂದು ಸಲ ಕೈಗೆತ್ತಿಕೊಂಡು ನೋಡಿ. ಅವರಿಗೆ ಬೇಕಾದ್ದು ನಿಮ್ಮ ಹಳೇ ಫೋನೇ ಆಗಿರಬೇಕಂತಿಲ್ಲ. ನನ್ನ ಕೈಲಿ ಮಧ್ಯಾಹ್ನದವರೆಗೂ ನಡೆಯದ ಫೋನನ್ನು ಅಮ್ಮನಿಗೆ ದಾಟಿಸಲು ನಾನು ಎಂಟು ತಿಂಗಳು ಯೋಜನೆ ಹಾಕಿದ್ದೆ ಅನ್ನೋದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಐದನೆಯದು ಪ್ರಶ್ನೆ ಅಲ್ಲ, ಇವತ್ತೇ ಮಾಡುವ ಕೆಲಸ. ಹೊಸದು ತಗೊಳ್ಳಿ, ಬಿಡಿ, ಬ್ಯಾಕಪ್ ಮಾತ್ರ ಈಗಲೇ ಮಾಡಿ. ಊರಿಗೆ ಹೋದಾಗ ಮನೆಯವರದ್ದೂ ಮಾಡಿಕೊಡಿ. ಆಂಡ್ರಾಯ್ಡ್‌ನಲ್ಲಿ ವಾಟ್ಸ್ಆ್ಯಪ್ ಬ್ಯಾಕಪ್ ಈಗ ಗೂಗಲ್ ಅಕೌಂಟಿನ 15 ಜಿಬಿ ಉಚಿತ ಜಾಗದಲ್ಲೇ ಲೆಕ್ಕಕ್ಕೆ ಬರುತ್ತದೆ. ಅದು ತುಂಬಿದ್ದರೆ ಬ್ಯಾಕಪ್ ಆಗುವುದಿಲ್ಲ. ಹಾಗಾಗಿ ಮುಖ್ಯವಾದ ಫೋಟೋ, ಧ್ವನಿಗಳನ್ನು ಲ್ಯಾಪ್‌ಟಾಪಿಗೋ ಪೆನ್ ಡ್ರೈವಿಗೋ ಬೇರೆಯಾಗಿ ಕಾಪಿ ಮಾಡಿಡಿ. ಎಕ್ಸ್‌ಚೇಂಜಿಗೆ ಕೊಡುವ ಮುಂಚೆ ಅಂತೂ ಒಂದು ಭಾನುವಾರ ಇಡೀ ಇದಕ್ಕೆ ಕೊಡಿ.

ಈ ಲೇಖನವನ್ನೂ ಅದೇ ಹಳೇ ಫೋನಿನಲ್ಲಿ ಟೈಪ್ ಮಾಡಿದ್ದು. ಮುಂದಿನ ವರ್ಷ ಇದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ನಿಲ್ಲುತ್ತದೆ. ಆಗ ತಗೊಳ್ಳುತ್ತೇನೆ. ಅವತ್ತು ಅಂಗಡಿಯಲ್ಲಿ ಏನಿರುತ್ತೋ ಅದನ್ನು.

ಅಮ್ಮನ ಹೊಸ ಫೋನಿಗೆ ಆ ಹತ್ತೊಂಬತ್ತೂ ಹಾಕಿಕೊಟ್ಟಿದ್ದೇನೆ. ಮೊನ್ನೆ ಫೋನ್ ಮಾಡಿದಾಗ, 'ಆ ಬಸ್ ಟೈಮಿಂದು ಇದ್ಯಲ್ಲ, ಅದ್ರಲ್ಲಿ ಕೊನೇಲಿ ನಾನು ಹಿಂದಿಂದ ಏನೋ ಕೂಗ್ತೀನಿ, ಕೇಳಿದ್ಯಾ?' ಅಂದಳು. ನಾನು ಗಮನಿಸಿರಲಿಲ್ಲ. ಫೋನ್ ಇಟ್ಟ ಮೇಲೆ ಇಯರ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿದೆ. ಊಟಕ್ಕೆ ಕರೀತಿದ್ದಾಳೆ.