ಒಂಬತ್ತರಲ್ಲೊಂದು ಆಸ್ಪ್ಯಾರಜಿನ್

ಯೀಸ್ಟ್‌ನ ಜಿಸಿಎನ್4 ಪ್ರೋಟೀನಿನಲ್ಲಿ ಇರುವುದು 281 ಅಮೈನೋ ಆಮ್ಲ. ಅದರ ಬಾಲದ 33ನ್ನು ಮಾತ್ರ ಬೇರ್ಪಡಿಸಿದರೂ ಅಂಥ ಎರಡು ಎಳೆಗಳು ತಾವಾಗಿಯೇ ಹೆಣೆದುಕೊಂಡು ಜೋಡಿ ಸುರುಳಿಯಾಗುತ್ತವೆ. ಉದ್ದ ಸುಮಾರು 5 ನ್ಯಾನೊಮೀಟರ್. 1991ರಲ್ಲಿ 1.8 ಆಂಗ್‌ಸ್ಟ್ರಾಮ್ ಸ್ಪಷ್ಟತೆಯ ಹರಳಿನ ಚಿತ್ರ ಸಿಕ್ಕಿತು.

ಹೆಣಿಗೆಯ ಕಾರಣ ಸರಳ ಕೋನಗಣಿತ. ಆಲ್ಫಾ ಸುರುಳಿಯಲ್ಲಿ ಒಂದೊಂದು ಆಮ್ಲಕ್ಕೂ ಸುಮಾರು 100 ಡಿಗ್ರಿ ತಿರುವು. ಏಳಕ್ಕೆ 700, ಎರಡು ಪೂರ್ಣ ಸುತ್ತಿಗೆ 20 ಕಡಿಮೆ. ಹೀಗೆ ಓರೆಯಾಗುತ್ತ ಹೋಗುವ, ನೀರುದ್ವೇಷಿ ಆಮ್ಲಗಳ ಜಿಡ್ಡಿನ ಪಟ್ಟಿಗಳು ಒಂದನ್ನೊಂದು ಬಿಡದಿರಬೇಕಾದರೆ ಸುರುಳಿಗಳು ಪರಸ್ಪರ ಸುತ್ತಿಕೊಳ್ಳಲೇಬೇಕು. ಫ್ರಾನ್ಸಿಸ್ ಕ್ರಿಕ್ 1953ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು.

ಏಳೇಳಕ್ಕೊಮ್ಮೆ ಮರುಕಳಿಸುವ ಈ ಸರಣಿಯಲ್ಲಿ ಮೊದಲ ಮತ್ತು ನಾಲ್ಕನೆಯ ಸ್ಥಾನಗಳು, ಅಂದರೆ 'ಎ' ಮತ್ತು 'ಡಿ', ಒಳಮುಖ. ನಮ್ಮ 33ರಲ್ಲಿ ಅಂಥವು 9. 'ಡಿ'ಯ ನಾಲ್ಕೂ ಲ್ಯೂಸಿನ್. 'ಎ'ಯ ಐದರಲ್ಲಿ ಮೂರು ವ್ಯಾಲಿನ್, ಒಂದು ಮೆಥಿಯೊನಿನ್, ಮತ್ತೆ 16ನೆಯ ಸ್ಥಾನದಲ್ಲಿ ಒಂದು ಆಸ್ಪ್ಯಾರಜಿನ್. ಎಲ್ಲ ನೀರುದ್ವೇಷಿಗಳ ನಡುವೆ ನೀರನ್ನು ಬಯಸುವುದು ಇದೊಂದೇ. ಎರಡೂ ಎಳೆ ಸೇರಿದರೆ 18ಕ್ಕೆ 2, ಅಂದರೆ ಶೇ. 11.

ನೀರಿನಿಂದ ಕಿತ್ತು ಒಳಗೆ ಹೂಳಿದ್ದಕ್ಕೆ ಶಕ್ತಿಯ ದಂಡ ಇದ್ದೇ ಇದೆ. ಎದುರುಬದುರಿನ ಎರಡು ಆಸ್ಪ್ಯಾರಜಿನ್ ಹೈಡ್ರೋಜನ್ ಬಂಧ ಕಟ್ಟಿಕೊಂಡರೂ ಆ ದಂಡ ಪೂರ್ತಿ ವಾಪಸಾಗುವುದಿಲ್ಲ. ಆಸ್ಪ್ಯಾರಜಿನ್ ತೆಗೆದು ವ್ಯಾಲಿನ್ ಇಟ್ಟರೆ ಸುರುಳಿ ಇನ್ನಷ್ಟು ಗಟ್ಟಿಯಾಗುತ್ತದೆ. ಆದರೆ ಈಗ ಅದು ಜೋಡಿಯಾಗಿಯೇ ಉಳಿಯುವುದಿಲ್ಲ. 2 ಎಳೆಯವು, 3 ಎಳೆಯವು ಬೆರೆತು ಸಿಗುತ್ತವೆ.

ಎಳೆಗಳ ಎಣಿಕೆಯನ್ನು ಆಸ್ಪ್ಯಾರಜಿನ್ ಒಂದೇ ತೀರ್ಮಾನಿಸುತ್ತದೆ ಎಂದಲ್ಲ. 1993ರಲ್ಲಿ ಹಾರ್ಬರಿ ಮತ್ತು ಸಂಗಡಿಗರು ಒಳಭಾಗದಿಂದ ಅದನ್ನು ತೆಗೆದೇಬಿಟ್ಟರು. 'ಎ'ಗೆ ಐಸೊಲ್ಯೂಸಿನ್, 'ಡಿ'ಗೆ ಲ್ಯೂಸಿನ್ ಇಟ್ಟಾಗ ಎಳೆ 2. ಎರಡಕ್ಕೂ ಐಸೊಲ್ಯೂಸಿನ್ ಆದರೆ 3. ಮೊದಲಿನದನ್ನು ತಿರುವುಮುರುವು ಮಾಡಿದರೆ 4. ಲ್ಯೂಸಿನ್, ಐಸೊಲ್ಯೂಸಿನ್ ಎರಡರಲ್ಲೂ ಇರುವ ಪರಮಾಣುಗಳು ಅವೇ, ಅಷ್ಟೇ. ಕವಲೊಡೆಯುವ ಜಾಗ ಮಾತ್ರ ಬೇರೆ.

ಆಸ್ಪ್ಯಾರಜಿನ್‌ಗಾಗಿ ತೆತ್ತ ದಂಡಕ್ಕೆ ಪ್ರತಿಯಾಗಿ ಸಿಗುವುದೇನು ಎಂಬ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ಕೃತಕ ಜೋಡಿಯೊಂದರಿಂದ. ಪೀಟರ್ ಕಿಮ್ ಅವರ ತಂಡ 1993ರಲ್ಲಿ ಒಂದು ಆಮ್ಲೀಯ, ಒಂದು ಕ್ಷಾರೀಯ ಎಳೆಯನ್ನು ರೂಪಿಸಿತು. ಅವು ಬಿಡಿಸಿಕೊಳ್ಳುವ ಸ್ಥಿರಾಂಕ 30 ನ್ಯಾನೊಮೋಲಾರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದು ಮೋಲ್‌ಗೆ ಸುಮಾರು 10 ಕಿಲೊಕ್ಯಾಲೊರಿ ಬಂಧನಶಕ್ತಿಗೆ ಸಮ. ತಮ್ಮಂಥದೇ ಎಳೆಗಿಂತ ವಿರುದ್ಧ ಎಳೆಯ ಮೇಲಿನ ಒಲವು ಕನಿಷ್ಠ 1 ಲಕ್ಷ ಪಟ್ಟು. ಈ ಒಲವು ಅಂಚಿನ ವಿದ್ಯುದಾವೇಶಗಳ ಕೆಲಸ. ಇದನ್ನು ಆಸ್ಪ್ಯಾರಜಿನ್ ಖಾತೆಗೆ ಬರೆಯಬಾರದು.

ಅದರ ಖಾತೆ ತೆರೆದದ್ದು 1995ರಲ್ಲಿ. ಲಂಬ್ ಮತ್ತು ಕಿಮ್ ಇದೇ ಜೋಡಿಯ ಹೂತ ಆಸ್ಪ್ಯಾರಜಿನ್‌ಗಳನ್ನು ಲ್ಯೂಸಿನ್‌ಗೆ ಬದಲಿಸಿದರು. ಸ್ಥಿರತೆ ಏರಿತು, ಎಳೆ 2ರಿಂದ 4ಕ್ಕೆ ಹೋಯಿತು, ಯಾವ ಎಳೆ ಯಾವ ದಿಕ್ಕಿಗೆ ಎಂಬ ನಿಯಮವೇ ತಪ್ಪಿತು. ಸ್ಥಿರತೆಯನ್ನಷ್ಟೇ ಅಳೆಯುವವರಿಗೆ ಇದು ಲಾಭ. ಒಂದೇ ಒಂದು ರಚನೆ ಬೇಕೆನ್ನುವವರಿಗೆ ಪೂರಾ ನಷ್ಟ, ಜೀವಕೋಶಕ್ಕೂ ಬಹುಶಃ ಹಾಗೆಯೇ.

ಹಾಗೆಂದು ಧ್ರುವೀಯವಾದ ಯಾವುದನ್ನಾದರೂ ಹೂತರೆ ಸಾಲದು. 1996ರಲ್ಲಿ ಜಿಸಿಎನ್4ರ ಅದೇ 16ನೆಯ ಸ್ಥಾನಕ್ಕೆ ಗ್ಲುಟಮಿನ್ ಹಾಕಿ ನೋಡಲಾಯಿತು. ಆಸ್ಪ್ಯಾರಜಿನ್‌ಗಿಂತ ಅದಕ್ಕೆ ಹೆಚ್ಚಿರುವುದು ಒಂದು ಕಾರ್ಬನ್, ಎರಡು ಹೈಡ್ರೋಜನ್ ಮಾತ್ರ. ಅಷ್ಟಕ್ಕೇ 2 ಎಳೆಯವೂ 3 ಎಳೆಯವೂ ಬೆರೆತು ಬಂದವು.