ಕಟ್ಟುತ್ತಿರುವ ಮನೆಗೂ ವಿಮೆಯುಂಟು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ವಿಮೆಯ ಮಾತನ್ನೆತ್ತಲಿಲ್ಲ. ಅವರ ಕಾಲದಲ್ಲಿ ಮಣ್ಣಿನ ಗೋಡೆ ಕುಸಿದರೆ ಅದೇ ಮಣ್ಣನ್ನು ಮತ್ತೆ ಕಲಸಿ ಏರಿಸುತ್ತಿದ್ದರು. ನಷ್ಟವಾದುದು ನಾಲ್ಕು ದಿನದ ದುಡಿಮೆ ಮಾತ್ರ. ಇಂದು ಹೊಸೂರಿನ ಸುತ್ತ ಕಾರ್ಖಾನೆಗಳು ಬೆಳೆದು, ತಳಿ, ಬಾಗಲೂರು, ಡೆಂಕಣಿಕೋಟೆಗಳ ಕಡೆಯ ಹಳ್ಳಿಗಳಲ್ಲಿಯೂ ಸಿಮೆಂಟು, ಕಬ್ಬಿಣಗಳ ಮನೆಗಳೇಳುತ್ತಿವೆ. ಅವುಗಳಲ್ಲಿ ಹೆಚ್ಚಿನವು ಸಾಲದ ಮನೆಗಳು. ಗೋಡೆ ಬಿದ್ದರೂ ಸಾಲದ ಕಂತು ನಿಲ್ಲುವುದಿಲ್ಲ.

ಈ ಪಾಠವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ತಳಿಯ ಕಡೆಯ ನಮ್ಮೂರಿನಲ್ಲಿ ಕೆಲವು ವರ್ಷಗಳ ಹಿಂದೆ ಮನೆಗೆ ಪಾಯ ಹಾಕಿಸಿದೆವು. ಬ್ಯಾಂಕೊಂದು ಸಾಲ ಕೊಟ್ಟಿತು. ಸಾಲದ ಮೊಬಲಗಿನಲ್ಲಿಯೇ ವಿಮೆಯ ಕಂತೆಂದು ಒಂದಷ್ಟು ಹಣವನ್ನು ಹಿಡಿದುಕೊಂಡರು. ವಿಮೆಯಾಯಿತಲ್ಲ ಎಂದು ನಾವು ನಿಶ್ಚಿಂತರಾದೆವು. ವೈಶಾಖದ ಒಂದು ಸಂಜೆ, ನಮ್ಮ ಸೀಮೆಯಲ್ಲಿ ಮಾವಿನ ಫಸಲನ್ನು ನೆಲಕ್ಕುರುಳಿಸುವ ಬಗೆಯ ಬಿರುಗಾಳಿ ಆಲಿಕಲ್ಲಿನೊಡನೆ ಬಂದಿತು. ಲಿಂಟಲ್ ಮಟ್ಟಕ್ಕೆ ಎದ್ದಿದ್ದ ಪಡುವಣ ಗೋಡೆ ಮೇಲೆ ಸೂರಿನ ಹಿಡಿತವಿಲ್ಲದೆ ಉದ್ದಕ್ಕೂ ಮಲಗಿತು. ತಗಡಿನ ಮರೆಯಲ್ಲಿದ್ದ ಸಿಮೆಂಟಿನ ಮೂಟೆಗಳು ನೆನೆದು ಕಲ್ಲಾದವು. ಗಾರೆಯಾಳುಗಳು ಅರ್ಧ ಗಂಟೆಯ ಹಿಂದೆ ಬುಟ್ಟಿ ತೊಳೆದಿಟ್ಟು ಹೊರಟಿದ್ದರು. ಇಂದಿಗೂ ಅದನ್ನು ನೆನೆದಾಗ ಎದೆ ನಡುಗುತ್ತದೆ.

ಮರುದಿನ ವಿಮೆಯ ಕಾಗದವನ್ನು ಹಿಡಿದು ಹೋದೆವು. ಅಲ್ಲಿದ್ದವರು ಓದಿ, "ಇದು ನಿಮ್ಮ ಜೀವದ ವಿಮೆ, ಮೇಷ್ಟರೇ. ಸಾಲ ತೀರುವ ಮುನ್ನ ನೀವು ತೀರಿಕೊಂಡರೆ ಹಣ ಬರುತ್ತದೆ. ಗೋಡೆಗೂ ಇದಕ್ಕೂ ಸಂಬಂಧವಿಲ್ಲ" ಎಂದರು. ಅರ್ಜಿ ಇಂಗ್ಲಿಷಿನಲ್ಲಿತ್ತು. ಅದರ ಕೊನೆಯಲ್ಲಿ, ವಿಷಯಗಳನ್ನೆಲ್ಲ ನಮಗೆ ತಿಳಿದ ಭಾಷೆಯಲ್ಲಿ ವಿವರಿಸಲಾಗಿದೆ ಎಂಬ ಸಾಲಿನ ಕೆಳಗೆ ನಮ್ಮ ಅಂದವಾದ ಕನ್ನಡ ಸಹಿಯಿತ್ತು. ಓದದೆ ಸಹಿ ಹಾಕಬಾರದೆಂದು ಮಕ್ಕಳಿಗೆ ಹೇಳುವವರು ನಾವೇ! ಮನೆಯಲ್ಲಿ ತಮಿಳು ಪತ್ರ, ಕಚೇರಿಯಲ್ಲಿ ಇಂಗ್ಲಿಷ್ ಅರ್ಜಿ, ಬಾಯಲ್ಲಿ ಕನ್ನಡ ಎಂಬ ನಮ್ಮ ಗಡಿನಾಡಿನವರ ಸ್ಥಿತಿಯಲ್ಲಿ ಈ ಒಂದು ಸಾಲನ್ನು ಎಷ್ಟು ಜನ ಗಮನಿಸಿಯಾರು?

ಜೀವ ವಿಮೆ ಬೇರೆ, ಸಾಮಾನ್ಯ ವಿಮೆ ಬೇರೆ. 1956ರಲ್ಲಿ ಸ್ಥಾಪಿತವಾದ ಜೀವ ವಿಮಾ ನಿಗಮಕ್ಕೆ ನಮ್ಮ ಗೋಡೆಯೊಡನೆ ವ್ಯವಹಾರವಿಲ್ಲ. ಕಟ್ಟಡ, ಬೆಂಕಿ, ವಾಹನಗಳ ವಿಮೆಯನ್ನು ನಡೆಸುವವು ಸಾಮಾನ್ಯ ವಿಮಾ ಕಂಪನಿಗಳು. 1973ರ ರಾಷ್ಟ್ರೀಕರಣದಲ್ಲಿ ರೂಪುಗೊಂಡ ನಾಲ್ಕು ಸರ್ಕಾರಿ ಕಂಪನಿಗಳುಂಟು, ಚೆನ್ನೈಯ ಯುನೈಟೆಡ್ ಇಂಡಿಯಾ ಅವುಗಳಲ್ಲೊಂದು. 2000ದ ನಂತರ ಖಾಸಗಿಯವರೂ ಬಂದಿದ್ದಾರೆ. ಸಾಲದೊಡನೆ ಬಂದ ಜೀವ ವಿಮೆ ಕೆಟ್ಟದ್ದೇನಲ್ಲ, ಹೆಂಡತಿಮಕ್ಕಳಿಗೆ ಅದು ಆಧಾರವೇ. ಬೇಡವೆನಿಸಿದರೆ ಪಾಲಿಸಿ ಕೈಸೇರಿದ 30 ದಿನಗಳೊಳಗೆ ಹಿಂದಿರುಗಿಸಬಹುದು. ಅದನ್ನು ಮನೆಯ ವಿಮೆಯೆಂದು ಭ್ರಮಿಸಿದ್ದು ನಮ್ಮ ತಪ್ಪು.

ಮನೆಗೆಂದೇ ಒಂದು ವಿಮೆಯುಂಟು. 2021ರ ಏಪ್ರಿಲ್ 1ರಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ನೀಡುತ್ತಿರುವ 'ಭಾರತ್ ಗೃಹ ರಕ್ಷಾ' ಅದು. ಬೆಂಕಿ, ಸಿಡಿಲು, ಬಿರುಗಾಳಿ, ನೆರೆ, ಭೂಕಂಪಗಳ ಹಾನಿ ಅದರಲ್ಲಿ ಸೇರುತ್ತದೆ. ಆದರೆ ಅದು ಕಟ್ಟಿ ಮುಗಿದ ಮನೆಗೆ ಹೊಂದುವಂಥದು. ಅರ್ಧ ಎದ್ದ ಗೋಡೆಗೆ ಬೇಕಾದುದು 'ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್' ಎಂಬ ಮತ್ತೊಂದು ವಿಮೆ. ಹೆಸರು ಗುತ್ತಿಗೆದಾರನದಾದರೂ ಮನೆಯ ಯಜಮಾನನೂ ಇದನ್ನು ಪಡೆಯಬಹುದು. ಸ್ಥಳದಲ್ಲಿಳಿಸಿದ ಸಾಮಗ್ರಿಗಳಿಂದ ಮೊದಲ್ಗೊಂಡು ಕೆಲಸ ಮುಗಿಯುವವರೆಗಿನ ಆಕಸ್ಮಿಕ ಹಾನಿ ಇದಕ್ಕೆ ಸೇರುತ್ತದೆ. ನಮ್ಮ ಗೋಡೆ ಬಿದ್ದು ಪಕ್ಕದವರ ಕೊಟ್ಟಿಗೆ ಜಖಂಗೊಂಡರೆ ಅವರಿಗೆ ತೆರಬೇಕಾದ ಪರಿಹಾರಕ್ಕೂ ಇದರಲ್ಲಿ ಒಂದು ಭಾಗವಿದೆ. ಪಾಯ ತೋಡುವ ಮುನ್ನವೇ, ಮಂಜೂರಾದ ನಕ್ಷೆ ಮತ್ತು ಇಂಜಿನಿಯರರ ಅಂದಾಜುಪಟ್ಟಿಯೊಡನೆ ಕೇಳಬೇಕು. ನಡುವೆ ಹೋದರೆ ಕಂಪನಿಯವರು ಹಿಂದೇಟು ಹಾಕುವುದುಂಟು. ಗೋಡೆ ಬಿದ್ದ ಮೇಲೆ ಹೋದ ನಮ್ಮನ್ನು ಎರಡು ಸಲ ಅಲೆಸಿ, ಸ್ಥಳಕ್ಕೆ ಬಂದು ಫೋಟೋ ತೆಗೆದುಕೊಂಡ ಬಳಿಕವಷ್ಟೇ ಒಪ್ಪಿದರು.

ಮೊತ್ತದ ಲೆಕ್ಕದಲ್ಲಿ ಜಾಣತನ ತೋರಿಸಹೋಗಿ ಕೆಡುವವರುಂಟು. ಕಂತು ಕಡಿಮೆಯಾಗಲೆಂದು 24 ಲಕ್ಷದ ಕೆಲಸವನ್ನು 12 ಲಕ್ಷವೆಂದು ಬರೆಸಿದರೆನ್ನೋಣ. 2 ಲಕ್ಷದ ಗೋಡೆ ಬಿದ್ದಾಗ ಕಂಪನಿಯವರು, ಅರ್ಧಕ್ಕೆ ವಿಮೆ ಮಾಡಿಸಿದವರಿಗೆ ಅರ್ಧ ನಷ್ಟವೆಂದು 1 ಲಕ್ಷವನ್ನೇ ಲೆಕ್ಕ ಹಾಕುತ್ತಾರೆ. ಅದರಲ್ಲಿಯೂ ಮೊದಲ ಒಂದು ಪಾಲನ್ನು ನಾವೇ ಹೊರಬೇಕು. ನೆಲದ ಬೆಲೆಯನ್ನು ಮಾತ್ರ ಸೇರಿಸಬೇಕಾಗಿಲ್ಲ. ಹೊಸೂರಿನಲ್ಲಿ ನಿವೇಶನದ ಬೆಲೆ ಎಷ್ಟೇ ಏರಲಿ, ಗಾಳಿಮಳೆಗೆ ನಿವೇಶನ ಬೀಳುವುದಿಲ್ಲವಷ್ಟೆ.

ನಮ್ಮ ಹಳ್ಳಿಯವರು ವಿಶೇಷವಾಗಿ ಅರಿಯಬೇಕಾದ ಷರತ್ತೊಂದಿದೆ. ರಾಗಿ ಕೊಯ್ಲೆಂದೋ ಕೈಯಲ್ಲಿ ಹಣವಿಲ್ಲವೆಂದೋ ನಾವು ಎರಡು ಮೂರು ತಿಂಗಳು ಕೆಲಸ ನಿಲ್ಲಿಸುತ್ತೇವೆ. ಕೆಲಸ ನಿಂತುದರಿಂದ ಉಂಟಾದ ಹಾನಿಗೆ ಈ ವಿಮೆಯಲ್ಲಿ ಪರಿಹಾರವಿಲ್ಲ. ಆದಕಾರಣ ನಿಲ್ಲಿಸುವ ಮುನ್ನ ಕಚೇರಿಗೆ ಬರೆದು ತಿಳಿಸಿ, ಅವರ ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯಬೇಕು. ನಕ್ಷೆಯ ದೋಷಕ್ಕೂ, ಕಳಪೆ ಕೆಲಸವನ್ನು ಸರಿಪಡಿಸುವ ಖರ್ಚಿಗೂ ಹಣ ಸಿಗದು. ಇನ್ನು ಗೃಹಪ್ರವೇಶವಾಗಿ ಒಳಗೆ ವಾಸ ತೊಡಗಿತೆಂದರೆ ಕಟ್ಟುವ ವಿಮೆಯ ಅವಧಿ ಮುಗಿದಂತೆ. ಹಾಲು ಉಕ್ಕಿಸುವ ದಿನದಿಂದಲೇ ಗೃಹ ರಕ್ಷಾ ಆರಂಭವಾಗುವಂತೆ ಮೊದಲೇ ಏರ್ಪಾಟು ಮಾಡಿಕೊಳ್ಳಬೇಕು.

ಇಷ್ಟೆಲ್ಲ ನಮ್ಮ ಸೀಮೆಗೆ ಬೇಕೆ ಎನ್ನುವವರಿದ್ದಾರೆ. ನಮ್ಮದು ಸಮುದ್ರತೀರವಲ್ಲ, ನಿಜ. ಆದರೆ 2024ರ ಡಿಸೆಂಬರ್ ಮೊದಲಲ್ಲಿ ಫೆಂಗಲ್ ಚಂಡಮಾರುತದ ಉಳಿಕೆ ನಮ್ಮ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಮಳೆ ಸುರಿಸಿತು. ರಸ್ತೆಬದಿಯಲ್ಲಿ ನಿಂತಿದ್ದ ವಾಹನಗಳೇ ತೇಲಿಹೋದವು.

ಹಾನಿಯಾದರೆ ಕೂಡಲೇ ಕಂಪನಿಗೆ ತಿಳಿಸಿ, ಸರ್ವೆಯರ್ ಬರುವ ತನಕ ಅವಶೇಷಗಳನ್ನು ತೆಗೆಸಬಾರದು. ನ್ಯಾಯ ದೊರೆಯದಿದ್ದಲ್ಲಿ ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದು, ಚೆನ್ನೈಯ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಅಲ್ಲಿ ಶುಲ್ಕವಿಲ್ಲ.

ಗೋಡೆಯ ಮಾತಾಯಿತು, ಗೋಡೆ ಕಟ್ಟುವವರ ಮಾತೇನು? ಪಾಲಿಸಿಯಲ್ಲಿ ಆಳುಗಳ ಗಾಯಕ್ಕೆ ತಾನಾಗಿ ಪರಿಹಾರವಿಲ್ಲ, ಅದಕ್ಕೆ ಬೇರೆ ವಿಮೆ ಬೇಕು. ತಮಿಳುನಾಡಿನಲ್ಲಿ 1994ರಿಂದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಿದೆ. ನಮ್ಮ ಆಳುಗಳಲ್ಲಿ ಅದರ ಕಾರ್ಡು ಹೊಂದಿದ್ದವನು ಒಬ್ಬನೇ. ಬ್ಯಾಂಕು ಖಾತೆಯುಳ್ಳ 18ರಿಂದ 70 ವಯಸ್ಸಿನವರಿಗೆ ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ, ಅಪಘಾತದಿಂದ ಮರಣವಾದರೆ 2 ಲಕ್ಷ ದೊರೆಯುತ್ತದೆ. ಎರಡನೆಯ ಸಲ ಗೋಡೆ ಏರಿಸುವ ಮುನ್ನ ಏಳು ಮಂದಿಯನ್ನೂ ಬ್ಯಾಂಕಿಗೆ ಕರೆದೊಯ್ದು, ಅರ್ಜಿಯ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿ, ಆಮೇಲೆ ಸಹಿ ಹಾಕಿಸಿದೆವು. ಎಲ್ಲ ಸೇರಿ 140 ರೂಪಾಯಿ. ಮೇಸ್ತ್ರಿ ಹಿಂದೆಯೇ ನಿಂತಿದ್ದ. "ಸ್ವಾಮಿ, ನನ್ನ ಹೆಂಡತಿಯೂ ಬೇರೆ ಕಡೆ ಕಲ್ಲು ಹೊರುತ್ತಾಳೆ. ಅವಳಿಗೂ ಆಗುತ್ತದೆಯೆ?" ಎಂದು ಕೇಳಿದ. ಮುಂದಿನ ಸೋಮವಾರ ಆಕೆ ಕೂಲಿಗೆ ಹೋಗದೆ, ಪಾಸ್‌ಬುಕ್ಕನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಶಾಲೆಯ ಬಾಗಿಲಿಗೆ ಬಂದಿದ್ದಳು.